ಬಟ್ಟೆ ಒಣಹಾಕುವ ಡ್ಯೂಟಿ

ನಾನು ಸೈನ್ಯಕ್ಕೆ ಸೇರಿದಾಗ ಅಮ್ಮ ಬೀದಿಯ ಮನೆಮನೆಗೂ ಹೋಗಿ ಹೇಳಿಕೊಂಡು ಬಂದಿದ್ದಳು, ಇನ್ನು ಮೇಲೆ ನನ್ನ ಮಗ ಬೇರೆಯವರ ಬಟ್ಟೆ ಮುಟ್ಟುವುದಿಲ್ಲ ಎಂದು. ಪಾಪ, ಅವಳಿಗೇನು ಗೊತ್ತು. ಈಗ ಸರ್ಕಾರದ ಬಂದೂಕನ್ನು ಅಡುಗೆಮನೆಯ ಗೋಡೆಗೆ ಒರಗಿಸಿ, ಗುರುತು ಪರಿಚಯವಿಲ್ಲದ ಇಬ್ಬರು ಹೆಂಗಸರ ಒದ್ದೆ ಬಟ್ಟೆಯನ್ನು ಹಗ್ಗಕ್ಕೆ ಹಾಕುವುದೇ ನನ್ನ ಡ್ಯೂಟಿ. ನಗಬೇಕೆನಿಸಿದರೆ ನಗಬಹುದು. ಮೊದಮೊದಲು ನಾನೂ ನಕ್ಕಿದ್ದೆ.

ಈ ಮನೆಯಲ್ಲಿ ನಾವು ಮೂವರು ಸೈನಿಕರು. ಬಾಗಿಲ ಹಿಂದೆ ಕುರ್ಚಿ ಹಾಕಿಕೊಂಡು ಕೂತಿರುವವರು ಸಾರ್ಜೆಂಟ್. ಮುಂದಿನ ಕೋಣೆಯಲ್ಲಿ ಕಿಟಕಿಯನ್ನು ಬೆರಳಗಲ ತೆರೆದು, ಆ ಸಂದಿಗೆ ಬಂದೂಕಿನ ಮೂತಿ ಇಟ್ಟುಕೊಂಡು ಮಲಗಿರುವವನನ್ನು ನಾವು ಗೊರಕೆ ಎಂದು ಕರೆಯುತ್ತೇವೆ. ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ನನಗೆ ಅವರಿಟ್ಟ ಹೆಸರು ಇಸ್ತ್ರಿ. ಅಪ್ಪನದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಬ್ಯಾರಕ್ಕಿನಲ್ಲಿ ಎಲ್ಲರ ಕಾಲರನ್ನೂ ನಾನೇ ತೀಡಿಕೊಡಬೇಕು ಎಂಬುದು ಆ ಹೆಸರಿನ ಜೊತೆ ಬಂದ ಬಿಟ್ಟಿ ಚಾಕರಿ.

ಮನೆ ಎರಡನೇ ಮಹಡಿಯಲ್ಲಿದೆ. ಕೆಳಗೆ ಮುಚ್ಚಿದ ಸೈಕಲ್ ರಿಪೇರಿ ಅಂಗಡಿ, ಪಕ್ಕದಲ್ಲಿ ಕಡಿದಾದ ಮೆಟ್ಟಿಲು. ಎರಡು ಕೋಣೆ, ಒಂದು ಅಡುಗೆಮನೆ, ಅಷ್ಟೇ. ಇಲ್ಲಿ ಇರುವುದು ಅತ್ತೆ ಮತ್ತು ಸೊಸೆ. ಅತ್ತೆಯನ್ನು ನಾನು ಅಜ್ಜಿ ಎನ್ನುತ್ತೇನೆ. ಸೊಸೆ ಬಸುರಿ, ದಿನ ತುಂಬುತ್ತಾ ಬಂದಿದೆ. ಅತ್ತೆಯ ಮಗ, ಅಂದರೆ ಸೊಸೆಯ ಗಂಡ, ನಮಗೆ ಬೇಕಾದವನು. ರಸ್ತೆಯಲ್ಲಿ ಬಾಂಬು ಹೂಳುವವರ ಗುಂಪಿನವನು ಅವನು ಎಂದು ಮೇಲಿನವರು ಹೇಳಿದ್ದಾರೆ. ಅವನು ಮನೆಯಲ್ಲಿ ಮಲಗುವುದಿಲ್ಲ. ಆದರೆ ಆಗಾಗ ಗಲ್ಲಿಯ ತುದಿಗೆ ಬಂದು ತಲೆಯೆತ್ತಿ ನೋಡುತ್ತಾನೆ. ಹಗ್ಗದ ಮೇಲೆ ಬಟ್ಟೆ ಇದ್ದರೆ ಮನೆಯಲ್ಲಿ ಎಲ್ಲಾ ಸರಿಯಾಗಿದೆ ಎಂದು ಅರ್ಥ, ಮೆಟ್ಟಿಲು ಹತ್ತುತ್ತಾನೆ. ಈ ಗುಟ್ಟನ್ನು ಯಾರೋ ನಮ್ಮವರ ಕಿವಿಗೆ ಹಾಕಿದ್ದರು. ಹಾಗಾಗಿ ನಾವು ಮನೆಯೊಳಗೆ ಸೇರಿಕೊಂಡೆವು, ಬಟ್ಟೆ ಮಾತ್ರ ಎಂದಿನಂತೆ ಹಗ್ಗದ ಮೇಲೆ ಹೋಗುತ್ತಿರಬೇಕು ಎಂದು ಹುಕುಂ ಆಯಿತು.

ಆ ಹಗ್ಗ ಅಡುಗೆಮನೆಯ ಕಿಟಕಿಯಿಂದ ಗಲ್ಲಿಯ ಮೇಲೆ ಹಾದು ಎದುರುಮನೆಯ ಗೋಡೆಗೆ ಹೋಗುತ್ತದೆ. ಎರಡೂ ಕಡೆ ರಾಟೆ ಇದೆ. ಕಿಟಕಿಯ ಪಕ್ಕ ಮರೆಯಲ್ಲಿ ನಿಂತು ಬಟ್ಟೆಗೆ ಕ್ಲಿಪ್ಪು ಹಾಕಿ ಹಗ್ಗ ಎಳೆಯುತ್ತಾ ಹೋದರೆ ಬಟ್ಟೆ ತಾನೇ ಆಚೆ ಸಾಗುತ್ತದೆ, ಹಾಕಿದವರು ಯಾರಿಗೂ ಕಾಣುವುದಿಲ್ಲ. ಹೆಂಗಸರ ಕೈಗೆ ಬಿಟ್ಟರೆ ಅವರು ಏನಾದರೂ ಸನ್ನೆ ಮಾಡಿಬಿಡಬಹುದು ಎಂದು ಸಾರ್ಜೆಂಟಿಗೆ ಅನುಮಾನ. ಇಸ್ತ್ರಿ ಇರುವಾಗ ನಮಗೇನು ಚಿಂತೆ ಎಂದರು. ಬಂದ ದಿನವೇ ಹಗ್ಗ ಎಳೆದು ಒಣಗಿದ ಬಟ್ಟೆ ತೆಗೆದವನೂ ನಾನೇ, ಒದ್ದೆ ಬಟ್ಟೆ ಹಾಕಿದವನೂ ನಾನೇ.

ಅವತ್ತು ನಾನು ಎಳೆದುಕೊಂಡ ಬಟ್ಟೆ ನೋಡಿದ್ದರೆ ಅಪ್ಪ ಹಣೆ ಚಚ್ಚಿಕೊಳ್ಳುತ್ತಿದ್ದ. ಅಂಗಿ ಒಂದೇ ಭುಜದಲ್ಲಿ ನೇತಾಡುತ್ತಿತ್ತು. ಬೆಡ್‌ಶೀಟು ಮುದ್ದೆಯಾಗಿ ಹಗ್ಗದ ಮೇಲೆ ಬಿದ್ದಿತ್ತು. ದಿಂಬಿನ ಕವರಿನೊಳಗೆ ಒಂದು ಕಾಲುಚೀಲ ಸಿಕ್ಕಿಕೊಂಡು ಹಾಗೇ ಒಣಗಿತ್ತು. ಸೊಸೆಯನ್ನು ಕೇಳಿದ್ದರೆ, ಸೊಟ್ಟಗೆ ಹಾಕಿದರೂ ಒಣಗುತ್ತೆ, ನೆಟ್ಟಗೆ ಹಾಕಿದರೂ ಒಣಗುತ್ತೆ ಎನ್ನುತ್ತಿದ್ದಳೇನೋ. ನನ್ನ ಕೈ ಕೇಳಲಿಲ್ಲ. ಅಪ್ಪ ಕಲಿಸಿದ ಹಾಗೆ ಅಂಗಿಯ ಒಳಮೈ ಹೊರಗೆ ಮಾಡಿ, ಕೆಳಗಿನ ಅಂಚು ಹಿಡಿದು ತಲೆಕೆಳಗಾಗಿ ಹಾಕಿದೆ. ದೊಡ್ಡದು ಮೊದಲು, ಚಿಕ್ಕದು ಆಮೇಲೆ. ಎರಡು ಬಟ್ಟೆಗೆ ನಡುವೆ ಒಂದೇ ಕ್ಲಿಪ್ಪು. ಮನಸ್ಸು ಎಲ್ಲೋ ಇದ್ದರೂ ಕೈ ತನ್ನ ಪಾಡಿಗೆ ಕೆಲಸ ಮಾಡಿ ಮುಗಿಸಿತು.

ಬೆಂಚಿನ ಮೇಲೆ ಕೂತಿದ್ದ ಅಜ್ಜಿ ಅಲ್ಲಿಯವರೆಗೆ ನಮ್ಮ ಕಡೆ ಮುಖ ಕೊಟ್ಟು ಮಾತಾಡಿರಲಿಲ್ಲ. ಹಗ್ಗ ನೋಡಿದ್ದೇ ಅವಳ ಮುಖ ಅರಳಿತು.

"ಯಾರು ಕಲಿಸಿದ್ರು ಮಗಾ ನಿನಗೆ? ಹೀಗೆ ಹಾಕಿದ ಬಟ್ಟೆ ನೋಡಿ ಎಷ್ಟು ವರ್ಷ ಆಯ್ತೋ."

ಹೊಗಳಿಕೆಗೆ ಉಬ್ಬದವರು ಯಾರಿದ್ದಾರೆ? ನಾನಂತೂ ಉಬ್ಬಿದೆ. ಬಂದೂಕು ಹಿಡಿದು ಮನೆಗೆ ನುಗ್ಗಿದವನನ್ನು ಮಗಾ ಎಂದು ಕರೆದಳಲ್ಲ ಎಂದು ಕಣ್ಣೂ ತುಂಬಿತು. ಆಮೇಲೆ ಅಜ್ಜಿ ಸೊಸೆಯ ಕಡೆ ತಿರುಗಿ, ನೋಡಿ ಕಲಿತುಕೋ ಎಂದು ಒಂದು ಚುಚ್ಚಿದಳು. ಸೊಸೆ ಸುಮ್ಮನಿರುವ ಜಾತಿಯಲ್ಲ. ಗಟ್ಟಿಯಾಗಿ ಮಾತಾಡಬಾರದು ಎಂಬ ಆಜ್ಞೆ ಇದ್ದದ್ದರಿಂದ ಅವರಿಬ್ಬರೂ ಪಿಸುಮಾತಿನಲ್ಲೇ ಜಗಳ ಶುರುಮಾಡಿದರು. ಪಿಸುಗುಟ್ಟುತ್ತಾ ಜಗಳ ಆಡುವುದು ಎಷ್ಟು ಕಷ್ಟ ಎಂದು ನನಗೆ ಆಗಲೇ ಗೊತ್ತಾದದ್ದು. ಇಬ್ಬರಿಗೂ ಉಸಿರು ಕಟ್ಟಿ ನಡುವೆ ನೀರು ಕುಡಿದು ಮುಂದುವರಿಸುತ್ತಿದ್ದರು.

ಅಜ್ಜಿ ತನ್ನ ಹಳೇ ಗೋಳನ್ನೆಲ್ಲ ನನ್ನ ಮುಂದೆ ತೋಡಿಕೊಂಡಳು. ಸೊಸೆ ಬಂದ ಹೊಸದರಲ್ಲಿ ಅವಳು ಹಾಕಿದ ಬಟ್ಟೆಯನ್ನು ಅಜ್ಜಿ ಮತ್ತೆ ಸರಿಮಾಡಿ ಹಾಕುತ್ತಿದ್ದಳಂತೆ. ಒಂದು ದಿನ ಸೊಸೆ ರೇಗಿ, ಹಾಗಾದರೆ ನೀವೇ ಹಾಕಿಕೊಳ್ಳಿ ಎಂದುಬಿಟ್ಟಳಂತೆ. ಇನ್ನು ಸಾಯುವವರೆಗೂ ಈ ಹಗ್ಗ ಮುಟ್ಟುವುದಿಲ್ಲ ಎಂದು ಅಜ್ಜಿ ಶಪಥ ಮಾಡಿದಳು, ಮಾಡಿದ ಹಾಗೇ ನಡೆದುಕೊಂಡಳು. ಎದುರು ಮನೆಯ ದರ್ಜಿಯಮ್ಮನಿಗೂ, ಇಡೀ ಗಲ್ಲಿಗೂ ಈ ಕಥೆ ಗೊತ್ತಂತೆ. ಅಜ್ಜಿ ಇದನ್ನು ಹೇಳುವಾಗ ಯುದ್ಧ ಗೆದ್ದವಳ ಜಂಬ ಅವಳಲ್ಲಿತ್ತು.

ಹೀಗೆ ದಿನ ಕಳೆದವು. ಕಳೆದವು ಎನ್ನುವುದು ಮಾತಿಗೆ, ನಿಜವಾಗಿ ಅವು ಕದಲುತ್ತಲೇ ಇರಲಿಲ್ಲ. ಬೂಟು ಬಿಚ್ಚಿಟ್ಟು ಕಾಲುಚೀಲದಲ್ಲೇ ಓಡಾಡಬೇಕು. ಕೆಮ್ಮು ಬಂದರೆ ದಿಂಬಿಗೆ ಬಾಯಿ ಒತ್ತಬೇಕು. ಸೊಸೆ ಕಕ್ಕಸಿಗೆ ಹೋದಾಗ ಮಾತ್ರ ನೀರು ಸುರಿಯಬಹುದು, ಇಲ್ಲದಿದ್ದರೆ ಇಬ್ಬರು ಹೆಂಗಸರ ಮನೆಯಲ್ಲಿ ಇಷ್ಟು ನೀರು ಯಾಕೆ ಹೋಗುತ್ತಿದೆ ಎಂದು ಕೆಳಗಿನವರಿಗೆ ಅನುಮಾನ ಬರುತ್ತದೆ. ಆ ಹೆಂಗಸರನ್ನು ನಾವು ಕೂಡಿಹಾಕಿದ್ದೇವೆ ಎಂದು ಕಾಗದದಲ್ಲಿರಬಹುದು. ಆದರೆ ನನಗೂ ಹೊರಗೆ ಹೋಗುವ ಹಾಗಿರಲಿಲ್ಲ, ಅವರ ಜೊತೆ ಅದೇ ಆಲೂಗಡ್ಡೆ ತಿಂದು, ಅದೇ ಮುಚ್ಚಿದ ಗಾಳಿ ಉಸಿರಾಡುತ್ತಿದ್ದೆ. ಯುದ್ಧಕ್ಕೆ ಹೊರಟವನಿಗೆ ಯಾರಾದರೂ ಇದನ್ನು ಮೊದಲೇ ಹೇಳಬೇಕು. ಎದೆ ಒಡ್ಡುವುದು, ಗುಂಡು ಹಾರಿಸುವುದು ಎಲ್ಲಾ ಯಾವತ್ತೋ ಒಂದು ಗಳಿಗೆ. ಉಳಿದದ್ದೆಲ್ಲ ಇನ್ನೊಬ್ಬರ ಅಡುಗೆಮನೆಯಲ್ಲಿ ಬೇಡದ ನೆಂಟನ ಹಾಗೆ ಕೂತಿರುವುದು.

ಒಂದು ಬೆಳಿಗ್ಗೆ ಬಟ್ಟೆಯೆಲ್ಲ ಹಾಕಿ ಮುಗಿಸಿ ನಾನು ಮರೆಗೆ ಸರಿದಿದ್ದೆ. ಎದುರು ಕಿಟಕಿಯಿಂದ ದರ್ಜಿಯಮ್ಮ ಕೂಗಿದಳು. ಯಾರು ಕೂಗಿದರೂ ಪರದೆಯ ಹಿಂದಿನಿಂದಲೇ ಎರಡು ಮಾತಾಡಿ ಮುಗಿಸಬೇಕು ಎಂದು ಸೊಸೆಗೆ ಕಟ್ಟಪ್ಪಣೆ ಇತ್ತು, ನಾನು ಬಂದೂಕು ಹಿಡಿದು ಪಕ್ಕದಲ್ಲೇ ನಿಲ್ಲಬೇಕಿತ್ತು.

"ಏನೇ, ನಿಮ್ಮತ್ತೆ ಶಪಥ ಮುರಿದ್ರಾ? ಬಟ್ಟೆ ಇಷ್ಟು ನೀಟಾಗಿ ಬೀಳ್ತಾ ಇದೆಯಲ್ಲ" ಎಂದು ದರ್ಜಿಯಮ್ಮ ನಕ್ಕಳು.

ಸೊಸೆಯೂ ನಕ್ಕ ಹಾಗೆ ಮಾಡಿ, ಒಲೆಯ ಮೇಲೆ ಹಾಲಿದೆ ಎಂದು ಹೇಳಿ ಒಳಗೆ ಬಂದಳು. ಒಲೆಯ ಮೇಲೆ ಏನೂ ಇರಲಿಲ್ಲ. ಅವಳ ಮುಖ ಬಿಳಿಚಿತ್ತು. ನನಗೆ ತಟ್ಟನೆ ಎಲ್ಲಾ ಹೊಳೆಯಿತು. ನನ್ನ ಕೈಗುಣ ಮೆಚ್ಚಿ ಅಜ್ಜಿ ಹೊಗಳಿದ್ದಲ್ಲ. ಈ ಮನೆಯ ಬಟ್ಟೆ ಯಾವತ್ತೂ ಹೀಗೆ ಬೀಳುವುದಿಲ್ಲ, ಅದು ಗಲ್ಲಿಗೇ ಗೊತ್ತು, ಮಗನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಹಗ್ಗ ನೋಡಿದ ತಕ್ಷಣ ಇದು ನನ್ನ ಹೆಂಡತಿಯ ಕೈ ಅಲ್ಲ, ಮನೆಯಲ್ಲಿ ಯಾರೋ ಇದ್ದಾರೆ ಎಂದು ಅವನು ಬಂದ ದಾರಿಗೆ ಸುಂಕವಿಲ್ಲ ಎಂದು ಹೊರಟುಹೋಗುತ್ತಾನೆ. ನಾನು ದಿನವೂ ಅಚ್ಚುಕಟ್ಟಾಗಿ ಹಾಕಲಿ ಎಂದೇ ಅಜ್ಜಿ ನನ್ನನ್ನು ಹೊಗಳಿ ಅಟ್ಟಕ್ಕೇರಿಸಿದ್ದಳು. ಬರಬೇಡ ಎಂದು ಅವನಿಗೆ ಸನ್ನೆ ಮಾಡುತ್ತಿದ್ದವನು ನಾನೇ.

ಮೊದಲು ನನಗೆ ಬಂದದ್ದು ಸಿಟ್ಟು. ಎಷ್ಟು ದಿನದಿಂದ ನನ್ನನ್ನು ಮಂಗ ಮಾಡಿದ್ದಾಳೆ ಈ ಮುದುಕಿ ಎಂದು ಅವಳ ಕಡೆ ತಿರುಗಿದೆ. ಅವಳು ಕಣ್ಣು ತಪ್ಪಿಸಲಿಲ್ಲ.

"ಗೊತ್ತಾಯ್ತಾ ಮಗಾ?"

"ಗೊತ್ತಾಯ್ತು."

"ಇನ್ನು ನಿನಗೆ ಬಿಟ್ಟಿದ್ದು" ಎಂದಳು. ಬೇಡಲೂ ಇಲ್ಲ, ಅಳಲೂ ಇಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಷ್ಟರಲ್ಲಿ ಸಾರ್ಜೆಂಟ್ ಅಡುಗೆಮನೆಗೆ ಬಂದರು. ಕಿವಿ ಸೂಕ್ಷ್ಮದ ಮನುಷ್ಯ, ದರ್ಜಿಯಮ್ಮನ ಮಾತು ಅವರಿಗೂ ಕೇಳಿಸಿತ್ತು. ಅದೇನು ಶಪಥ ಎಂದು ಅಜ್ಜಿಯನ್ನು ಕೇಳಿದರು. ಅಜ್ಜಿ ಕಣ್ಣು ಮಿಟುಕಿಸದೆ, ಅದೆಲ್ಲ ಹಳೇ ತಮಾಷೆ, ನಾನು ಬೈದು ಬೈದು ಸೊಸೆ ಈಗ ಹೀಗೇ ಹಾಕುತ್ತಾಳೆ, ಚಿನ್ನದಂಥ ಹುಡುಗಿ ಎಂದಳು. ಸೊಸೆ ಬಾಯಿ ತೆರೆದು ಅತ್ತೆಯನ್ನೇ ನೋಡಿದಳು. ಅಷ್ಟು ವರ್ಷದಲ್ಲಿ ಅತ್ತೆಯ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು ಎಂದು ಅವಳ ಮುಖವೇ ಹೇಳುತ್ತಿತ್ತು. ಸಾರ್ಜೆಂಟ್ ನಂಬಲಿಲ್ಲ, ನನ್ನ ಕಡೆ ತಿರುಗಿದರು.

"ಮೊದಲ ದಿನ ಹಗ್ಗ ಎಳೆದವನು ನೀನು. ಅವತ್ತು ಬಟ್ಟೆ ಹೇಗಿತ್ತು?"

ಅಷ್ಟೇ ಪ್ರಶ್ನೆ. ಆ ಬಟ್ಟೆ ಹೇಗಿತ್ತು ಎಂದು ನಮ್ಮವರಲ್ಲಿ ನೋಡಿದವನು ನಾನೊಬ್ಬನೇ.

ಇಲ್ಲಿ ಉದ್ದಣ್ಣನ ವಿಷಯ ಹೇಳಬೇಕು. ಅವನು ನಮ್ಮ ಲಾರಿ ಓಡಿಸುತ್ತಿದ್ದ, ಮಂಚಕ್ಕಿಂತ ಉದ್ದ ಇದ್ದ, ಅದಕ್ಕೇ ಆ ಹೆಸರು. ನನಗೆ ಅಣ್ಣನೇ ಆಗಿಬಿಟ್ಟಿದ್ದ. ರಸ್ತೆಯಲ್ಲಿ ಹೂತಿಟ್ಟದ್ದು ಅವನ ಲಾರಿಯ ಕೆಳಗೇ ಸಿಡಿಯಿತು. ಸತ್ತವರ ಬಟ್ಟೆಯನ್ನು ಮನೆಗೆ ಕಳಿಸುವ ಮೊದಲು ಒಗೆದು ಮಡಿಸಿ ಕೊಡಬೇಕು ಎಂಬುದು ನಮ್ಮ ತುಕಡಿಯ ರೂಢಿ, ಆ ಕೆಲಸವೂ ಇಸ್ತ್ರಿಯದ್ದೇ. ಅವನ ಅಂಗಿಯ ಉದ್ದ ತೋಳನ್ನು ಇಸ್ತ್ರಿ ಮಾಡುವಾಗ, ಇದನ್ನು ಮಾಡಿದವನು ನನ್ನ ಕೈಗೆ ಸಿಗಲಿ ಎಂದು ಬೇಡಿಕೊಂಡಿದ್ದೆ. ಈ ಮನೆಯ ಮಗನೇ ಅದನ್ನು ಹೂತವನು ಎಂದು ಮೇಲಿನವರು ಹೇಳುತ್ತಾರೆ. ಇರಬಹುದು, ಇಲ್ಲದಿರಲೂಬಹುದು. ನಿಜವೇ ಆಗಿದ್ದರೆ ಅವನು ಸಿಗಲೇಬೇಕು ಎಂದು ನನಗೆ ಈಗಲೂ ಅನ್ನಿಸುತ್ತದೆ. ಅದನ್ನು ಮುಚ್ಚಿಟ್ಟು ದೊಡ್ಡ ಧರ್ಮಾತ್ಮನ ಹಾಗೆ ಮಾತಾಡಲಾರೆ.

ಆದರೆ ಎದುರಿಗೆ ಕೂತಿದ್ದವಳು ಅವನಲ್ಲ, ಅವನ ತಾಯಿ. ಅಪ್ಪನ ಅಂಗಡಿಯಲ್ಲಿ ಒಂದೇ ಒಂದು ಕಟ್ಟುನಿಟ್ಟು ಇತ್ತು. ಗಿರಾಕಿಯ ಬಟ್ಟೆಯಲ್ಲಿ ರಕ್ತ ಕಾಣಲಿ, ಇನ್ನೊಬ್ಬಳ ಕೂದಲು ಕಾಣಲಿ, ಬಾಯಿ ಬಿಡುವ ಹಾಗಿರಲಿಲ್ಲ. ಒಮ್ಮೆ ನಾನು ಏನೋ ನೋಡಿ ನಕ್ಕಿದ್ದಕ್ಕೆ ಅಪ್ಪ ಎಲ್ಲರ ಎದುರು ಕೆನ್ನೆಗೆ ಬಾರಿಸಿದ್ದ. ಆ ಏಟು ನೆನಪಾಯಿತೋ, ಚಿನ್ನದಂಥ ಹುಡುಗಿ ಎಂದ ಅಜ್ಜಿಯ ಮಾತು ಕಿವಿಯಲ್ಲೇ ಉಳಿದಿತ್ತೋ, ಗೊತ್ತಿಲ್ಲ.

"ಹೀಗೇ ಇತ್ತು ಸರ್" ಎಂದೆ.

ಸಾರ್ಜೆಂಟ್ ನನ್ನನ್ನು ಒಂದು ಗಳಿಗೆ ನೋಡಿ, ಸರಿ, ಹಾಗೇ ಮುಂದುವರಿಸು ಎಂದರು. ಹೋಗುವಾಗ ಇನ್ನೊಂದು ಮಾತು ಹೇಳಿದರು. ಈ ವಾರ ಅವನು ಬರದಿದ್ದರೆ ಹೆಂಗಸರಿಬ್ಬರನ್ನೂ ಕೈದಿಗಳ ಶಿಬಿರಕ್ಕೆ ಸಾಗಿಸುತ್ತಾರಂತೆ, ಮೇಲಿನಿಂದ ಹಾಗೆ ಬಂದಿದೆಯಂತೆ.

ಅಲ್ಲಿಗೆ ನನ್ನ ಪುಣ್ಯಕಾರ್ಯದ ಬಂಡವಾಳ ಮುಗಿಯಿತು. ನೆಟ್ಟಗೆ ಹಾಕಿದರೆ ಅವನು ಬದುಕುತ್ತಾನೆ, ದಿನ ತುಂಬಿದ ಹೆಂಗಸು ಶಿಬಿರದ ನೆಲದ ಮೇಲೆ ಹೆರುತ್ತಾಳೆ. ಸೊಟ್ಟಗೆ ಹಾಕಿದರೆ ಅವನು ಬರುತ್ತಾನೆ, ಗೊರಕೆಯೋ ಸಾರ್ಜೆಂಟೋ ಅವನಿಗೆ ಕಾದಿದ್ದಾರೆ. ಸಾರ್ಜೆಂಟಿಗೆ ನಿಜ ಗೊತ್ತಾದರೆ ನಾನು ಜೈಲಿಗೆ, ಅಮ್ಮ ಯಾವ ಮುಖ ಹೊತ್ತು ಬೀದಿಯಲ್ಲಿ ನಡೆಯಬೇಕು? ನಾನು ತಲೆ ಕೆಡಿಸಿಕೊಂಡು ಕೂತದ್ದು ನೋಡಿ ಸೊಸೆಯೇ ಮೆಲ್ಲಗೆ ಹೇಳಿದಳು, ಶಿಬಿರವಾದರೆ ಶಿಬಿರ, ನಾವು ಹೋಗುತ್ತೇವೆ, ನೀವು ಮಾತ್ರ ನಾಳೆಯೂ ಹೀಗೇ ಹಾಕಿ ಎಂದು. ಅತ್ತೆ ತಲೆಯಾಡಿಸಿದಳು. ಇಬ್ಬರೂ ಒಂದೇ ಮಾತಿಗೆ ಬಂದದ್ದನ್ನು ನಾನು ಅವತ್ತೇ ನೋಡಿದ್ದು.

ಮಾರನೆಯ ಬೆಳಿಗ್ಗೆ ಹಾಕಿದಷ್ಟು ಅಚ್ಚುಕಟ್ಟಾಗಿ ನನ್ನ ಜೀವಮಾನದಲ್ಲೇ ಬಟ್ಟೆ ಹಾಕಿರಲಿಲ್ಲ. ಅಂಚಿಗೆ ಅಂಚು ಕೂಡಿಸಿ, ಕೈಯಲ್ಲೇ ಸುಕ್ಕು ತೀಡಿ ಹಾಕಿದೆ. ಅಜ್ಜಿ, ಸೊಸೆ, ನಾನು ಮೂವರೂ ಮರೆಯಲ್ಲಿ ನಿಂತು ನೋಡಿದೆವು. ಹಗ್ಗ ಸಾಗಿ ಬೆಡ್‌ಶೀಟು ಗಲ್ಲಿಯ ನಡುವೆ ಹೋಗಿ ನಿಂತಿತು. ಅಜ್ಜಿ ಅವತ್ತು ಹೊಗಳಲಿಲ್ಲ, ನನ್ನ ತಟ್ಟೆಗೆ ತನ್ನ ಪಾಲಿನ ಆಲೂಗಡ್ಡೆ ಹಾಕಿದಳು.

ಮಧ್ಯಾಹ್ನ ಗೊರಕೆ ಮುಂದಿನ ಕೋಣೆಯಿಂದ ನೆಲಕ್ಕೆ ಮೆಲ್ಲಗೆ ತಟ್ಟಿದ. ಯಾರೋ ಬರುತ್ತಿದ್ದಾರೆ ಎಂಬುದಕ್ಕೆ ಅದೇ ಗುರುತು. ತಿರುಗಿ ಓಡಿದರೆ ಮಾತ್ರ ಗುಂಡು, ಮೆಟ್ಟಿಲು ಹತ್ತಿದರೆ ಜೀವಸಹಿತ ಹಿಡಿಯಬೇಕು ಎಂದು ಸಾರ್ಜೆಂಟ್ ಮೊದಲೇ ಹೇಳಿದ್ದರು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು, ಅವಸರದ ಹೆಜ್ಜೆ. ಬೇರೆ ಯಾರೋ ಇರಲಿ, ದರ್ಜಿಯಮ್ಮ ಇರಲಿ, ಹಾಲಿನವನಿರಲಿ ಎಂದು ನಾನು ಹಲ್ಲು ಕಚ್ಚಿಕೊಂಡೆ. ಅಜ್ಜಿ ಆ ಹೆಜ್ಜೆಯನ್ನು ನನಗಿಂತ ಮೊದಲೇ ಗುರುತು ಹಿಡಿದಿದ್ದಳು. ಕೂಗಲು ಬಾಯಿ ತೆರೆದಳು. ನನ್ನ ಅಂಗೈ ಅವಳ ಬಾಯಿಯ ಮೇಲಿತ್ತು. ತರಬೇತಿಯಲ್ಲಿ ಕಲಿತ ಕೈ, ನನ್ನನ್ನು ಕೇಳದೆ ಹೋಗಿ ಮುಚ್ಚಿತ್ತು.

ಸಾರ್ಜೆಂಟ್ ಬಾಗಿಲು ತೆರೆದು ಅವನನ್ನು ಒಳಗೆ ಎಳೆದು ನೆಲಕ್ಕೆ ಕೆಡವಿದರು. ಅವನು ತಪ್ಪಿಸಿಕೊಳ್ಳಲು ನೋಡಲೂ ಇಲ್ಲ. ಮೈಮೇಲೆಲ್ಲ ಸಿಮೆಂಟಿನ ಧೂಳು, ಕೈಯಲ್ಲಿದ್ದ ಚೀಲದಿಂದ ಹಣ್ಣು ಉರುಳಿ ಬೆಂಚಿನ ಕೆಳಗೆ ಹೋಯಿತು. ನನಗಿಂತ ಒಂದೆರಡು ವರ್ಷ ದೊಡ್ಡವನಿರಬೇಕು. ಕೈ ಕಟ್ಟು ಎಂದು ನನಗೆ ಹೇಳಿದರು. ಕಟ್ಟಿದೆ. ಅಜ್ಜಿ ಅವನ ತಲೆಯ ಬಳಿ ಕುಸಿದು ಕೂತಳು.

"ಯಾಕೋ ಬಂದೆ? ಹಗ್ಗ ನೋಡಲಿಲ್ವೇನೋ?"

"ನೋಡಿದೆ ಅಮ್ಮ. ಮೂರು ಸಲ ಬಂದು ನೋಡಿದೆ. ನೀನೇ ಬಟ್ಟೆ ಹಾಕ್ತಾ ಇದ್ದೀಯ ಅಂದ್ರೆ ಇವಳು ಮೇಲೇಳೋ ಹಾಗಿಲ್ಲ ಅಂತ ತಾನೇ? ಇಲ್ಲದಿದ್ರೆ ನೀನು ಆ ಹಗ್ಗ ಮುಟ್ತೀಯಾ? ಇವತ್ತು ತಡ್ಕೊಳ್ಳೋಕೆ ಆಗ್ಲಿಲ್ಲ."

ಸೊಸೆ ಗೋಡೆ ಹಿಡಿದು ಅವನ ಕಣ್ಣಿಗೆ ಕಾಣುವ ಹಾಗೆ ಮುಂದೆ ಬಂದಳು.

"ನಂಗೇನೂ ಆಗಿಲ್ಲ. ಚೆನ್ನಾಗಿದೀನಿ" ಎಂದಳು.

"ಸದ್ಯ" ಎಂದ ಅವನು. ಕೆನ್ನೆ ನೆಲಕ್ಕೆ ಒತ್ತಿತ್ತು, ಕೈ ಬೆನ್ನ ಹಿಂದೆ ಇತ್ತು, ಆದರೂ ಅವನ ಮುಖ ಹಗುರವಾಯಿತು. ದೇವರಾಣೆಗೂ ಹಗುರವಾಯಿತು, ನಾನು ಹತ್ತಿರದಿಂದ ನೋಡಿದೆ.

ರಾತ್ರಿ ಗಲ್ಲಿ ಮಲಗಿದ ಹೊತ್ತಿಗೆ ಅವನನ್ನು ಮೆಟ್ಟಿಲಿಳಿಸಿ ಗಾಡಿಗೆ ಸಾಗಿಸಿದ ಮೇಲೆ ಸಾರ್ಜೆಂಟ್ ನನ್ನನ್ನು ಪಕ್ಕಕ್ಕೆ ಕರೆದರು. ಅವರಿಗೂ ಈಗ ಎಲ್ಲಾ ಅರ್ಥವಾಗಿತ್ತು. ಮೊದಲ ದಿನದ ಬಟ್ಟೆ ಹೇಗಿತ್ತು ಎಂದು ಎರಡನೇ ಸಲ ಕೇಳಲಿಲ್ಲ. ಬೈಯುತ್ತಾರೆ, ಕೈದು ಮಾಡಿ ಬೆಲ್ಟು ಬಿಚ್ಚಿಸುತ್ತಾರೆ ಎಂದು ನಾನು ಸಿದ್ಧನಾಗಿ ನಿಂತಿದ್ದೆ. ಅದಾದರೂ ಆಗಿದ್ದರೆ ಚೆನ್ನಾಗಿತ್ತು. ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು.

"ನಿನ್ನ ಸುಳ್ಳೂ ನಮ್ಮ ಕೆಲಸಕ್ಕೇ ಬಂತು ನೋಡು. ಯಾರಿಗೂ ಹೇಳಲ್ಲ ಬಿಡು. ಇವನ ಜೊತೆಯವರೂ ಇದೇ ಹಗ್ಗ ನೋಡ್ಕೊಂಡು ಬರ್ತಾರಂತೆ. ನಾಳೆಯೂ ಬಟ್ಟೆ ಹಾಕು."

ಆ ನಾಳೆ ಈಗ ಬಂದಿದೆ. ಸಾರ್ಜೆಂಟ್ ಬಾಗಿಲ ಹಿಂದೆ ಕೂತಿದ್ದಾರೆ, ಗೊರಕೆ ಕಿಟಕಿಯ ಸಂದಿಗೆ ಕಣ್ಣಿಟ್ಟಿದ್ದಾನೆ. ಎಲ್ಲರ ಮನೆಯ ಬಟ್ಟೆಯೂ ಹೊರಗೆ ಬಿದ್ದಾಯಿತು, ಇನ್ನು ತಡಮಾಡಿದರೆ ಗಲ್ಲಿಗೆ ಅನುಮಾನ ಬರುತ್ತದೆ ಎಂದು ಸಾರ್ಜೆಂಟ್ ಆಗಲೇ ಎರಡು ಸಲ ಗಂಟಲು ಸರಿಮಾಡಿಕೊಂಡರು. ಅಡುಗೆಮನೆಯಲ್ಲಿ ಹಿಂಡಿದ ಬಟ್ಟೆಯ ಬಕೆಟ್ಟು ಇದೆ, ಸುತ್ತ ನಾವು ಮೂವರು ಕೂತಿದ್ದೇವೆ. ಹೇಗೆ ಹಾಕಲಿ ಅಜ್ಜಿ ಎಂದು ಕೇಳಿದೆ. ಅವಳು ಸೊಸೆಯ ಮುಖ ನೋಡಿದಳು, ಸೊಸೆ ನನ್ನ ಮುಖ ನೋಡಿದಳು. ನೆಟ್ಟಗೆ ಹಾಕಿದರೆ ಯಾರು ಬರುತ್ತಾರೋ, ಸೊಟ್ಟಗೆ ಹಾಕಿದರೆ ಯಾರು ಬರುತ್ತಾರೋ ನಮಗೆ ಯಾರಿಗೂ ಗೊತ್ತಿಲ್ಲ. ಒಂದು ಅಂಗಿಯನ್ನು ಕೈಗೆ ತೆಗೆದುಕೊಂಡಿದ್ದೇನೆ. ಅದರ ನೀರು ನನ್ನ ಕಾಲುಚೀಲದ ಮೇಲೆ ತೊಟ್ಟಿಕ್ಕುತ್ತಿದೆ, ಬಾಗಿಲ ಕಡೆಯಿಂದ ಸಾರ್ಜೆಂಟಿನ ಕುರ್ಚಿ ಕಿರುಗುಟ್ಟಿತು, ಅವರು ಏಳುತ್ತಿದ್ದಾರೆ.